ಅಜ್ಜಿಗೆ ಅರ್ಥವಾಗುವ ಪಿಎಚ್.ಡಿ.

‘ನಿಮ್ಮ ಪ್ರಾಜೆಕ್ಟ್ ಏನು ಅಂತ ನಿಮ್ಮ ಅಜ್ಜಿಗೆ ಹೇಳುವ ಹಾಗೆ ಒಮ್ಮೆ ಹೇಳಿ ನೋಡೋಣ.’

ಇಂಟರ್ನ್‌ಶಿಪ್ ಸಂದರ್ಶನದಲ್ಲಿ ಎದುರಿಗೆ ಕುಳಿತವರು ಹೀಗೆ ಕೇಳಿದಾಗ ನಾನು ನಕ್ಕುಬಿಟ್ಟೆ. ‘ಸರ್, ನನ್ನ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ತುಳು ಮಾತ್ರ’ ಎಂದೆ. ಅವರೂ ನಕ್ಕರು. ‘ಪರವಾಗಿಲ್ಲ, ನೀವು ಇಂಗ್ಲಿಷಿನಲ್ಲೇ ಹೇಳಿ. ಆದರೆ ಅಜ್ಜಿಗೆ ಹೇಳಿದ ಹಾಗೆ ಇರಲಿ’ ಎಂದರು.

ನಮ್ಮ ಮಿನಿ ಪ್ರಾಜೆಕ್ಟ್ ಏನೂ ದೊಡ್ಡದಲ್ಲ. ಮಣ್ಣಿನ ತೇವಾಂಶ ಕಡಿಮೆಯಾದರೆ ತಾನಾಗಿ ಪಂಪ್ ಚಾಲೂ ಆಗುತ್ತದೆ, ತೇವ ಸಾಕಾದರೆ ನಿಲ್ಲುತ್ತದೆ. ನಾನು ಶುರು ಮಾಡಿದೆ. ಮೈಕ್ರೊಕಂಟ್ರೋಲರ್, ಥ್ರೆಶೋಲ್ಡ್, ಅನಲಾಗ್ ಇನ್‌ಪುಟ್, ರಿಲೇ. ಅವರು ಕೈ ಎತ್ತಿ ನಿಲ್ಲಿಸಿದರು. ‘ಅದೆಲ್ಲ ಆಮೇಲೆ. ಮಣ್ಣಿನಲ್ಲಿ ನೀರಿದೆ ಅಂತ ನಿಮ್ಮ ಸೆನ್ಸರ್‌ಗೆ ಹೇಗೆ ಗೊತ್ತಾಗುತ್ತದೆ?’

ನಾನು ಸುಮ್ಮನಾದೆ. ಯಾವ ವಯರ್ ಯಾವ ಪಿನ್ನಿಗೆ ಎಂಬುದು ಗೊತ್ತಿತ್ತು. ಕೋಡ್ ಬಾಯಿಪಾಠ ಇತ್ತು. ಆದರೆ ಮಣ್ಣಿನಲ್ಲಿ ಚುಚ್ಚಿಟ್ಟ ಆ ಎರಡು ಕಡ್ಡಿಗಳ ನಡುವೆ ಏನಾಗುತ್ತದೆ ಎಂದು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಸೀನಿಯರ್‌ಗಳ ರಿಪೋರ್ಟ್ ನೋಡಿ ಮಾಡಿದ್ದೆವು, ಕೆಲಸ ಮಾಡಿತ್ತು, ಮಾರ್ಕ್ಸ್ ಬಂದಿತ್ತು. ‘ತಿಳಿಸುತ್ತೇವೆ’ ಎಂದು ಕಳಿಸಿದರು. ತಿಳಿಸಲಿಲ್ಲ.

ಅಂದು ಸಿಟ್ಟು ಬಂದದ್ದು ಅವರ ಮೇಲೆ. ಟೆಕ್ನಿಕಲ್ ಸಂದರ್ಶನದಲ್ಲಿ ಅಜ್ಜಿಯನ್ನು ಯಾಕೆ ತರಬೇಕು ಎಂದು ಸ್ನೇಹಿತೆಯರ ಜತೆ ಕ್ಯಾಂಟೀನಿನಲ್ಲಿ ವಾದ ಮಾಡಿದ್ದೆ. ಸಿಟ್ಟು ಇಳಿದದ್ದು ಎರಡು ವಾರದ ನಂತರ, ನಮ್ಮ ಕಾಪುವಿನ ಒಂದು ಶಾಲೆಯ ಹಾಲ್‌ನಲ್ಲಿ.

ಮೂವತ್ತೆರಡು ಸ್ಲೈಡುಗಳು

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. 1928ರಲ್ಲಿ ಸಿ.ವಿ. ರಾಮನ್ ತಮ್ಮ ಹೆಸರಿನ ಪರಿಣಾಮವನ್ನು ಕಂಡುಕೊಂಡ ದಿನ ಅದು. 1987ರಿಂದ ದೇಶದ ಶಾಲೆ ಕಾಲೇಜುಗಳು ಆಚರಿಸುತ್ತ ಬಂದಿವೆ. ಸಾಮಾನ್ಯವಾಗಿ ಒಂದು ಕ್ವಿಜ್, ಒಂದು ಭಾಷಣ, ಒಂದು ಪ್ರಮಾಣಪತ್ರ, ಅಷ್ಟೆ. ಈ ಬಾರಿ ನಮ್ಮೂರಿನ ಯುವಕ ಮಂಡಲದವರು ಬೇರೆ ಏನಾದರೂ ಮಾಡುವ ಎಂದು ಹೊರಟರು. ಮಣಿಪಾಲದಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವ ಇಬ್ಬರನ್ನು ಕರೆಸಿ, ಅವರ ಸಂಶೋಧನೆಯನ್ನು ಊರವರಿಗೆ ಹೇಳಿಸುವುದು ಎಂದಾಯಿತು. ಆ ಇಬ್ಬರಲ್ಲಿ ಒಬ್ಬರು ಕಾರ್ಕಳದಲ್ಲಿ ನನ್ನ ಅಜ್ಜಿ ಮನೆಯ ಪಕ್ಕದವರು. ನಾನು ಸಣ್ಣವಳಿರುವಾಗಿನಿಂದ ಅಕ್ಕ ಎಂದೇ ಕರೆಯುವುದು. ಹಾಗಾಗಿ ಪ್ರೊಜೆಕ್ಟರ್ ಹಿಡಿಯುವ, ಕುರ್ಚಿ ಹಾಕುವ ಕೆಲಸ ನನಗೆ ಬಂತು.

ಸಂಜೆ ಆರಕ್ಕೆ ಸುಮಾರು ಎಪ್ಪತ್ತು ಜನ ಸೇರಿದ್ದರು. ಮುಂದಿನ ಸಾಲಿನಲ್ಲಿ ಮಕ್ಕಳು, ಹಿಂದೆ ಮೀನು ಮಾರುವ ಹೆಂಗಸರು, ಬೀಡಿ ಕಟ್ಟುವವರು, ಬೋಟಿಗೆ ಹೋಗುವ ನಾಲ್ಕಾರು ಹಿರಿಯರು, ಬಾಗಿಲ ಬಳಿ ಮೊಬೈಲ್ ಹಿಡಿದ ಹುಡುಗರು. ಚಹಾ ಮತ್ತು ಅಂಬಡೆ ಇದೆ ಎಂದು ಮೈಕಿನಲ್ಲಿ ಮೊದಲೇ ಹೇಳಿದ್ದೂ ಒಂದು ಕಾರಣ ಇರಬಹುದು.

ಮೊದಲು ಮಾತಾಡಿದ್ದು ಅಣ್ಣ. ಅವರದ್ದು ಅನಿಲಗಳನ್ನು ಗುರುತಿಸುವ ಸೆನ್ಸರ್‌ಗಳ ಮೇಲೆ ಕೆಲಸ. ಮೂವತ್ತೆರಡು ಸ್ಲೈಡ್ ತಂದಿದ್ದರು, ಎಲ್ಲವೂ ಇಂಗ್ಲಿಷಿನವು. ಯಾವುದೋ ಸಮ್ಮೇಳನಕ್ಕೆ ಮಾಡಿದ್ದನ್ನೇ ಹಾಕಿದ್ದರು ಎಂದು ಕಾಣುತ್ತದೆ. ಕನ್ನಡದಲ್ಲಿಯೇ ಮಾತಾಡಿದರು, ಆದರೆ ಕ್ರಿಯಾಪದ ಮಾತ್ರ ಕನ್ನಡ. ‘ಥಿನ್ ಫಿಲ್ಮ್ ಅನ್ನು ಡೆಪಾಸಿಟ್ ಮಾಡಿ ಕ್ಯಾರೆಕ್ಟರೈಸ್ ಮಾಡಿದೆವು’ ಎನ್ನುವಂಥದ್ದು. ಹತ್ತನೇ ಸ್ಲೈಡಿಗೆ ಮಕ್ಕಳು ಪರಸ್ಪರ ಚಿವುಟತೊಡಗಿದರು. ಹದಿನೈದನೆಯದಕ್ಕೆ ಹಿಂದಿನ ಸಾಲಿನಲ್ಲಿ ಮನೆ ಮಾತು ಶುರುವಾಯಿತು. ಅಣ್ಣನಿಗೆ ಗೊತ್ತಾಗುತ್ತಿತ್ತು. ಹಣೆ ಬೆವರುತ್ತಿತ್ತು, ಮಾತು ಇನ್ನೂ ವೇಗವಾಗುತ್ತಿತ್ತು. ನನಗೆ ನನ್ನ ಸಂದರ್ಶನವೇ ನೆನಪಾಗಿ ತಲೆ ತಗ್ಗಿಸಿ ಕುಳಿತೆ.

ಕೊನೆಗೆ ‘ಪ್ರಶ್ನೆ ಇದ್ದರೆ ಕೇಳಬಹುದು’ ಎಂದಾಗ ಹಾಲ್ ನಿಶ್ಶಬ್ದ. ಆಮೇಲೆ ಹಿಂದಿನಿಂದ, ದಿನಾ ಮಾರ್ಕೆಟಿನಲ್ಲಿ ಮೀನು ಮಾರುವ ಒಬ್ಬರು ಅಕ್ಕ ಎದ್ದು ನಿಂತು ಕೇಳಿದರು: ‘ವಾಸನೆ ಹಿಡಿಯುವ ಯಂತ್ರ ಅಂತ ಅಲ್ವಾ ನೀವು ಹೇಳಿದ್ದು? ಹಾಗಾದರೆ ಮೀನು ಹಾಳಾದದ್ದು ಅದಕ್ಕೆ ಗೊತ್ತಾಗ್ತದಾ?’

ಅಣ್ಣನ ಮುಖ ಬದಲಾಯಿತು. ಲ್ಯಾಪ್‌ಟಾಪ್ ಮುಚ್ಚಿದರು. ‘ಗೊತ್ತಾಗ್ತದೆ ಅಕ್ಕ’ ಎಂದು ಸ್ಟೇಜಿನಿಂದ ಇಳಿದೇ ಬಂದರು. ಮೀನು ಕೆಡುವಾಗ ಅಮೋನಿಯಾ ಜಾತಿಯ ಅನಿಲಗಳು ಬರುತ್ತವೆ. ಗಾಜಿನ ಮೇಲೆ ಜಿಂಕ್ ಆಕ್ಸೈಡಿನ ತೀರಾ ತೆಳುವಾದ ಲೇಪ ಕೊಡುತ್ತೇವೆ, ತಲೆಕೂದಲಿನ ದಪ್ಪದ ನೂರನೇ ಒಂದು ಪಾಲಿಗಿಂತಲೂ ತೆಳು. ಆ ಲೇಪದಲ್ಲಿ ಕರೆಂಟ್ ಹರಿಯುತ್ತಿರುತ್ತದೆ. ಅನಿಲ ಬಂದು ಅದರ ಮೇಲೆ ಕುಳಿತರೆ ಕರೆಂಟ್ ಹರಿಯುವ ರೀತಿ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದರೆ ಅನಿಲ ಎಷ್ಟಿದೆ ಎಂದು ತಿಳಿಯುತ್ತದೆ. ಐದು ವಾಕ್ಯ. ಮೂವತ್ತೆರಡು ಸ್ಲೈಡಿನಲ್ಲಿ ಆಗದ ಕೆಲಸ ಐದು ವಾಕ್ಯದಲ್ಲಿ ಆಯಿತು.

‘ಅದಕ್ಕೆ ಯಂತ್ರ ಯಾಕೆ, ಮೂಗುಂಟಲ್ಲ’ ಎಂದರು ಆ ಅಕ್ಕ. ಹಾಲ್ ಇಡೀ ನಕ್ಕಿತು. ‘ಕಿವಿರು ಎತ್ತಿ ನೋಡಿದರೆ ಸಾಕು. ಕೆಂಪಿದ್ದರೆ ತಾಜಾ. ಬೆರಳಿನಲ್ಲಿ ಒತ್ತಿದರೆ ಗುಳಿ ಬೀಳಬಾರದು.’ ಅಣ್ಣ ನಗುತ್ತಲೇ ಇದನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ‘ನಿಮ್ಮ ಮೂಗು ನಿಮ್ಮ ಎದುರಿನ ಬುಟ್ಟಿಗೆ ಸಾಕು. ಆದರೆ ಮಲ್ಪೆಯಿಂದ ಐಸ್ ಹಾಕಿ ಲಾರಿಯಲ್ಲಿ ಹೋಗುವ ಮೀನಿನ ಜತೆ ನೀವು ಹೋಗಲಿಕ್ಕೆ ಆಗುವುದಿಲ್ಲ. ಯಂತ್ರ ಬೇಕಾದದ್ದು ಅಲ್ಲಿಗೆ’ ಎಂದರು. ಆ ಅಕ್ಕ ತಲೆಯಾಡಿಸಿ ಕುಳಿತರು.

ಎರಡು ಕಲ್ಲು, ಒಂದು ಸುತ್ತಿಗೆ

ಅಕ್ಕ ಸ್ಲೈಡ್ ತಂದಿರಲಿಲ್ಲ. ಒಂದು ಗೋಣಿಚೀಲ ತಂದಿದ್ದಳು. ಅದರಲ್ಲಿ ಕಾರ್ಕಳದ ಎರಡು ಕಲ್ಲಿನ ತುಂಡು, ಒಂದು ಸಣ್ಣ ಸುತ್ತಿಗೆ. ಅವಳು ತುಳುವಿನಲ್ಲೇ ಮಾತಾಡಿದಳು.

ಮೊದಲು ಕಡಲಿನ ಕಥೆ. 1921ರಲ್ಲಿ ರಾಮನ್ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ಕಡು ನೀಲಿ ನೋಡಿ, ಇದು ಯಾಕೆ ನೀಲಿ ಎಂಬ ಪ್ರಶ್ನೆ ಎದ್ದಿತು. ಆಕಾಶದ ಪ್ರತಿಬಿಂಬ ಎಂದು ದೊಡ್ಡ ವಿಜ್ಞಾನಿಗಳೇ ಹೇಳಿದ್ದರು. ರಾಮನ್ ಜೇಬಿನಲ್ಲಿದ್ದ ಒಂದು ಪಟ್ಟಕದ ಮೂಲಕ, ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಬೆಳಕನ್ನು ತಡೆದು ನೋಡಿದರು. ಆಗಲೂ ಕಡಲು ನೀಲಿಯೇ ಇತ್ತು. ಅಂದರೆ ನೀಲಿ ನೀರಿನ ಒಳಗಿಂದಲೂ ಬರುತ್ತಿದೆ. ನೀರು ಬೆಳಕಿನಲ್ಲಿರುವ ಕೆಂಪನ್ನು ಹೆಚ್ಚು ಹೀರಿಕೊಳ್ಳುತ್ತದೆ, ನೀಲಿಯನ್ನು ಹೆಚ್ಚು ಚದುರಿಸಿ ಹಿಂದಕ್ಕೆ ಕಳಿಸುತ್ತದೆ.

ಒಬ್ಬರು ಹಿರಿಯರು ಕೂತಲ್ಲಿಂದಲೇ ಆಕ್ಷೇಪ ಎತ್ತಿದರು. ‘ಮಳೆಗಾಲದಲ್ಲಿ ನಮ್ಮ ಕಡಲು ನೀಲಿ ಎಲ್ಲಿ ಉಂಟು? ಕೆಂಪು ಕೆಂಪು.’ ಅಕ್ಕ ಹಿಗ್ಗಿದಳು. ‘ಸರಿಯಾದ ಮಾತು ಮಾವ. ಆಗ ನೀವು ನೋಡುವುದು ನೀರಿನ ಬಣ್ಣ ಅಲ್ಲ, ಹೊಳೆ ತಂದು ಹಾಕಿದ ಮಣ್ಣಿನ ಬಣ್ಣ. ಬೆಳಕು ಯಾವುದಕ್ಕೆ ತಾಗಿ ಬಂತೋ ಅದರ ಸುದ್ದಿ ಹೊತ್ತು ಬರ್ತದೆ. ನನ್ನ ಪಿಎಚ್.ಡಿ. ಕೂಡ ಇದೇ.’

ಆಮೇಲೆ ಕಲ್ಲು ಹೊರಗೆ ತೆಗೆದಳು. ಎರಡೂ ನೋಡಲು ಒಂದೇ ಥರ. ಒಬ್ಬ ಹುಡುಗನನ್ನು ಕರೆದು ಸುತ್ತಿಗೆ ಕೊಟ್ಟು ಮೆಲ್ಲಗೆ ತಟ್ಟಲು ಹೇಳಿದಳು. ಒಂದು ‘ಟಣ್’ ಎಂದಿತು, ಇನ್ನೊಂದು ‘ಡಬ್’ ಎಂದಿತು. ‘ಎರಡನೆಯದರ ಒಳಗೆ ಒಡಕು ಉಂಟು. ಹೊರಗಿಂದ ಕಾಣುವುದಿಲ್ಲ. ನನ್ನ ಅಪ್ಪ ಕಲ್ಲಿನ ಕೆಲಸದವರು. ಉಳಿ ಹಾಕುವ ಮೊದಲು ತಟ್ಟಿ ಕಿವಿ ಕೊಡ್ತಾರೆ.’

ಕಾರ್ಕಳದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1432ರಲ್ಲಿ 42 ಅಡಿಯ ಗೊಮ್ಮಟನನ್ನು ನಿಲ್ಲಿಸಿದ ಊರು ಅದು, ಇಂದಿಗೂ ಶಿಲ್ಪಿಗಳ ಊರು.

‘ನಾನು ಉಳಿಯ ಬದಲು ಬೆಳಕಿನಿಂದ ತಟ್ಟುವುದು’ ಎಂದಳು ಅಕ್ಕ. ಒಂದೇ ಬಣ್ಣದ ಲೇಸರ್ ಬೆಳಕನ್ನು ಒಂದು ವಸ್ತುವಿನ ಮೇಲೆ ಬಿಡುತ್ತೇವೆ. ಚದುರುವ ಬೆಳಕಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಅದೇ ಬಣ್ಣದಲ್ಲಿ ಮರಳುತ್ತದೆ. ಸುಮಾರು ಒಂದು ಕೋಟಿ ಬೆಳಕಿನ ಕಣಗಳಲ್ಲಿ ಒಂದೇ ಒಂದು ಮಾತ್ರ ತುಸು ಬಣ್ಣ ಬದಲಿಸಿಕೊಂಡು ಬರುತ್ತದೆ. ಯಾಕೆಂದರೆ ಆ ವಸ್ತುವಿನ ಅಣುಗಳು ಸದಾ ಕಂಪಿಸುತ್ತಿರುತ್ತವೆ. ಬೆಳಕು ಆ ಕಂಪನಕ್ಕೆ ತನ್ನ ಶಕ್ತಿಯಲ್ಲಿ ಸ್ವಲ್ಪ ಕೊಟ್ಟು ಬರುತ್ತದೆ, ಕೆಲವೊಮ್ಮೆ ಪಡೆದು ಬರುತ್ತದೆ. ಬಣ್ಣ ಎಷ್ಟು ಬದಲಾಯಿತು ಎಂದು ಅಳೆದರೆ ಯಾವ ಅಣು ಎಂದು ಹೇಳಬಹುದು. ಪ್ರತಿಯೊಂದು ಅಣುವಿಗೂ ಅದರದ್ದೇ ‘ಟಣ್’ ಇದೆ. ಇದೇ ರಾಮನ್ ಪರಿಣಾಮ. ಲೇಸರ್ ಬಂದದ್ದು 1960ರಲ್ಲಿ. ರಾಮನ್ ಮತ್ತು ಅವರ ಜತೆಗಿದ್ದ ಯುವ ಸಂಶೋಧಕ ಕೆ.ಎಸ್. ಕೃಷ್ಣನ್ ಮೊದಲು ಬಳಸಿದ್ದು ಬಿಸಿಲನ್ನು. ಕೋಟಿಗೊಂದನ್ನು ಹುಡುಕಿದ್ದು ಬಿಸಿಲಿನಲ್ಲಿ, ಬರಿಗಣ್ಣಿನಲ್ಲಿ.

ನನಗೆ ಮೈ ಜುಮ್ಮೆಂದಿತು. ರಾಮನ್ ಪರಿಣಾಮವನ್ನು ನಾನು ಫಸ್ಟ್ ಇಯರ್ ಫಿಸಿಕ್ಸ್‌ಗೆ ಓದಿದ್ದೆ. ಸ್ಟೋಕ್ಸ್, ಆಂಟಿ ಸ್ಟೋಕ್ಸ್ ಎಂದು ಚಿತ್ರ ಬಿಡಿಸಿದ್ದೆ. ಆದರೆ ಅದರ ಸದ್ದು ಕೇಳಿದ್ದು ಅಂದೇ ಮೊದಲು.

‘ನನ್ನ ಗಂಡನ ಬಾಯಿ ನೋಡಬಹುದಾ?’

ಅಕ್ಕನ ಕೆಲಸ ಇರುವುದು ಬಾಯಿಯ ಅಂಗಾಂಶದ ಮೇಲೆ. ಆರೋಗ್ಯವಂತ ಅಂಗಾಂಶದಿಂದ ಬರುವ ಬೆಳಕಿಗೂ ಕ್ಯಾನ್ಸರಿಗೆ ತಿರುಗುತ್ತಿರುವ ಅಂಗಾಂಶದಿಂದ ಬರುವ ಬೆಳಕಿಗೂ ವ್ಯತ್ಯಾಸ ಇದೆ. ಅದನ್ನು ಹಿಡಿಯಬಹುದೇ ಎಂಬ ಸಂಶೋಧನೆ ಮಣಿಪಾಲದಲ್ಲಿ, ಹಾಗೆಯೇ ಜಗತ್ತಿನ ಬೇರೆ ಬೇರೆ ಕಡೆ ವರ್ಷಗಳಿಂದ ನಡೆಯುತ್ತಿದೆ. ಅಕ್ಕ ಇದನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸಿದಳು. ಚಪ್ಪಾಳೆ ಬಿತ್ತು. ಚಹಾ ಬಂತು.

ಚಹಾದ ಹೊತ್ತಿಗೆ ಬೀಡಿ ಕಟ್ಟುವ ಒಬ್ಬರು ಹೆಂಗಸು ಅಕ್ಕನನ್ನು ಬದಿಗೆ ಕರೆದರು. ನಾನು ಲೋಟ ಹಿಡಿದು ಪಕ್ಕದಲ್ಲೇ ಇದ್ದೆ. ‘ನನ್ನ ಗಂಡನಿಗೆ ಬಾಯಿಯ ಒಳಗೆ ಬಿಳಿ ಕಲೆ ಉಂಟು. ಎರಡು ತಿಂಗಳಾಯಿತು. ಬೀಡಿಯೂ ಉಂಟು, ಎಲೆಯಡಿಕೆ ಹೊಗೆಸೊಪ್ಪೂ ಉಂಟು. ಆಸ್ಪತ್ರೆಗೆ ಹೋಗು ಅಂದರೆ ಕೊಯ್ತಾರೆ ಅಂತ ಹೆದರಿಕೆ. ನಿಮ್ಮದು ಬರೀ ಬೆಳಕು ಅಲ್ವಾ? ಕರಕೊಂಡು ಬರ್ತೇನೆ. ನೋಡಬಹುದಾ?’

ಅಲ್ಲಿಯವರೆಗೆ ಇದೆಲ್ಲ ನನಗೆ ಒಂದು ಚಂದದ ಕಾರ್ಯಕ್ರಮ ಆಗಿತ್ತು. ಆ ಪ್ರಶ್ನೆಯ ನಂತರ ಹಾಗಿರಲಿಲ್ಲ.

ಅಕ್ಕ ‘ಬನ್ನಿ’ ಎನ್ನಬಹುದಿತ್ತು. ಆ ಕ್ಷಣಕ್ಕೆ ಅವರಿಗೆ ಸಮಾಧಾನ ಆಗುತ್ತಿತ್ತು. ಅವಳು ಹಾಗೆ ಹೇಳಲಿಲ್ಲ. ಕುರ್ಚಿ ಎಳೆದು ಅವರನ್ನು ಕೂರಿಸಿ, ತಾನೂ ಕೂತು ಹೇಳಿದಳು: ‘ಇಲ್ಲ ಅಕ್ಕ. ನನ್ನದು ಇನ್ನೂ ಕಲಿಯುವ ಕೆಲಸ. ನಾವು ಪರೀಕ್ಷೆ ಮಾಡ್ತಿರುವುದು ಯಂತ್ರವನ್ನು, ರೋಗಿಯನ್ನಲ್ಲ. ನನ್ನ ಯಂತ್ರ ಇಲ್ಲ ಅಂದರೂ ರೋಗ ಇರಬಹುದು, ಉಂಟು ಅಂದರೂ ಇಲ್ಲದಿರಬಹುದು. ಅದನ್ನು ನಂಬಿ ನೀವು ಕೂರಬಾರದು. ಎರಡು ವಾರಕ್ಕಿಂತ ಹೆಚ್ಚು ಉಳಿದ ಬಾಯಿಯ ಕಲೆಯನ್ನು ಡಾಕ್ಟರು ನೋಡಲೇಬೇಕು. ಬಿಳಿ ಕಲೆಗಳೆಲ್ಲ ಕ್ಯಾನ್ಸರ್ ಅಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಅಂತ ಹೇಳುವುದು ಅವರು. ಬರುವ ಸೋಮವಾರ ಕರಕೊಂಡು ಬನ್ನಿ. ಹಲ್ಲಿನ ಡಾಕ್ಟರ ಹತ್ತಿರ ನಾನೇ ಜತೆಗೆ ಬರ್ತೇನೆ.’

ಸೋಮವಾರ ಅವರು ಬಂದರು, ಗಂಡನೂ ಬಂದರು. ಅಕ್ಕ ಜತೆಗೆ ಹೋದಳು. ಉಳಿದದ್ದು ಅವರ ಮನೆಯ ವಿಷಯ, ನಾನು ಬರೆಯುವುದಿಲ್ಲ.

ಅಂದು ರಾತ್ರಿ ಉಡುಪಿ ಬಸ್ಸಿಗೆ ಸಮಯ ಇತ್ತು. ದೀಪಸ್ತಂಭದ ಕೆಳಗಿನ ಬಂಡೆಯ ಮೇಲೆ ಇಬ್ಬರೂ ಕೂತೆವು. 1901ರಿಂದ ಆ ದೀಪ ಬೋಟಿನವರಿಗೆ ದಾರಿ ತೋರಿಸುತ್ತಿದೆ. ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: ‘ಮಾತಾಡಿದರೆ ಅರ್ಥ ಆಗುವುದಿಲ್ಲ ಅಂತ ಹೆದರ್ತೇವೆ ಅಲ್ವಾ? ಅರ್ಥ ಆದರೆ ಅದಕ್ಕಿಂತ ಹೆಚ್ಚು ಹೆದರಿಕೆ ಮಾರಾಯ್ತಿ. ಅವರು ನಂಬ್ತಾರೆ. ನಿಮಿಷದಲ್ಲಿ ಕ್ಯಾನ್ಸರ್ ಪತ್ತೆ ಅಂತ ಒಂದು ಹೆಡ್ಡಿಂಗ್ ಬಂದರೆ ನನಗೆ ಖುಷಿ, ನನ್ನ ಗೈಡಿಗೆ ಖುಷಿ. ಆದರೆ ಅದನ್ನು ಓದಿ ಯಾರೋ ಒಬ್ಬರು ಆಸ್ಪತ್ರೆಗೆ ಹೋಗುವುದನ್ನು ಆರು ತಿಂಗಳು ಮುಂದೆ ಹಾಕಿದರೆ?’

‘ಆ ಕಲ್ಲಿನ ಹೋಲಿಕೆ ಹೇಗೆ ಹೊಳೆಯಿತು?’ ಎಂದು ಕೇಳಿದೆ. ‘ನನಗೆ ಹೊಳೆಯಲಿಲ್ಲ. ಮೊದಲ ವರ್ಷ ಅಪ್ಪ ಕೇಳಿದರು, ನೀನು ಅಲ್ಲಿ ಎಂತ ಮಾಡುವುದು ಅಂತ. ನಾನು ಅರ್ಧ ಗಂಟೆ ಏನೇನೋ ಹೇಳಿದೆ. ಕೊನೆಗೆ ಅವರೇ ಹೇಳಿದರು, ಓ, ತಟ್ಟಿ ಕೇಳುವುದು ಅಂತ. ಆಮೇಲೆ ಥೀಸಿಸ್‌ನಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡರೂ ನಾನು ಕೇಳಿಕೊಳ್ಳುವುದು ಇದೇ: ನಾನೀಗ ತಟ್ಟುತ್ತಿರುವುದು ಯಾವುದನ್ನು, ಕೇಳುತ್ತಿರುವುದು ಯಾವುದನ್ನು? ಆದರೆ ಅಪ್ಪನ ಹೋಲಿಕೆಗೂ ಒಂದು ಮಿತಿ ಉಂಟು. ಕಲ್ಲಿನಲ್ಲಿ ಒಡಕು ಒಂದು. ಅಂಗಾಂಶದಲ್ಲಿ ಸಾವಿರ ಬಗೆಯ ಅಣುಗಳು ಒಟ್ಟಿಗೆ ಸದ್ದು ಮಾಡ್ತವೆ. ಅದನ್ನೂ ಇವತ್ತು ಹೇಳಬೇಕಿತ್ತು. ಮರೆತೆ.’

ಒಂಬತ್ತು ಗಂಟೆ ಮೂರು ನಿಮಿಷಕ್ಕೆ ಇಳಿದರೆ

ಮನೆಗೆ ಬಂದು ಹುಡುಕಿದಾಗ ತಿಳಿಯಿತು, ಇದಕ್ಕೆ ಜಗತ್ತಿನಲ್ಲಿ ದೊಡ್ಡ ಸ್ಪರ್ಧೆಗಳೇ ಇವೆ. ಹೆಚ್ಚು ಪ್ರಸಿದ್ಧವಾದದ್ದು ‘ಥ್ರೀ ಮಿನಿಟ್ ಥೀಸಿಸ್’. 2008ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಆಗ ಅಲ್ಲಿ ಭೀಕರ ಬರ. ನೀರು ಉಳಿಸಲು ಜನ ಬಚ್ಚಲಿನ ಗೋಡೆಗೆ ಮೂರು ನಿಮಿಷದ ಟೈಮರ್ ಅಂಟಿಸಿಕೊಂಡು, ಅಷ್ಟರಲ್ಲಿ ಸ್ನಾನ ಮುಗಿಸುತ್ತಿದ್ದರು. ಸ್ನಾನ ಆಗುವುದಾದರೆ ಥೀಸಿಸ್ ಯಾಕಾಗಬಾರದು ಎಂದು ಹೊಳೆದದ್ದು ಹೀಗೆ. ನಿಯಮ ಸರಳ: ಮೂರು ನಿಮಿಷ, ಒಂದೇ ಸ್ಲೈಡ್, ಅದರಲ್ಲಿ ಏನೂ ಅಲುಗಾಡಬಾರದು. ಸಮಯ ಮೀರಿದರೆ ಸ್ಪರ್ಧೆಯಿಂದ ಹೊರಗೆ. 80,000 ಪದಗಳ ಥೀಸಿಸ್ ಓದಿ ಹೇಳಲು ಒಂಬತ್ತು ಗಂಟೆ ಬೇಕು ಎಂಬುದು ಅವರ ಲೆಕ್ಕ.

ಇನ್ನೊಂದು ಕಡೆ ‘ಡಾನ್ಸ್ ಯುವರ್ ಪಿಎಚ್.ಡಿ.’ ಎಂದು ಸಂಶೋಧನೆಯನ್ನು ಕುಣಿದು ತೋರಿಸುವ ಸ್ಪರ್ಧೆ. ಕೆನಡಾದಲ್ಲಿ ಓದುತ್ತಿದ್ದ ಪ್ರಮೋದ್ ಸೇನಾರತ್ ಯಾಪಾ ಎಂಬ ಭೌತಶಾಸ್ತ್ರದ ವಿದ್ಯಾರ್ಥಿ 2018ರ ಸ್ಪರ್ಧೆಯಲ್ಲಿ ಗೆದ್ದದ್ದು ಅತಿವಾಹಕತೆಯನ್ನು ಹಾಡಿ ಕುಣಿದು. ಒಂಟಿಯಾಗಿ ಅಡ್ಡಾದಿಡ್ಡಿ ಓಡುವ ಎಲೆಕ್ಟ್ರಾನುಗಳು ತಂಪಾದಾಗ ಜೋಡಿಯಾಗಿ ಸಲೀಸಾಗಿ ಸಾಗುವುದನ್ನು ಕುಣಿಯುವವರೇ ಮಾಡಿ ತೋರಿಸುತ್ತಾರೆ. ಯಕ್ಷಗಾನದ ಊರಿನವರಾದ ನಾವು ಇದರಲ್ಲಿ ಇನ್ನೂ ಯಾಕೆ ಕಾಲಿಡಲಿಲ್ಲವೋ!

ನಮ್ಮ ದೇಶದಲ್ಲಿಯೂ ದಾರಿಗಳಿವೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2018ರಲ್ಲಿ ‘ಅವಸರ್’ ಎಂಬ ಸ್ಪರ್ಧೆ ಆರಂಭಿಸಿತು. ಪಿಎಚ್.ಡಿ. ವಿದ್ಯಾರ್ಥಿಗಳು ತಮ್ಮ ಸಂಶೋಧನೆಯನ್ನು ಜನಸಾಮಾನ್ಯರಿಗೆ ತಿಳಿಯುವ ಲೇಖನವಾಗಿ ಬರೆಯಬೇಕಿತ್ತು. ಮೊದಲ ಬಹುಮಾನ ಒಂದು ಲಕ್ಷ ರೂಪಾಯಿ ಇತ್ತು. ಆಯ್ಕೆಯಾದ ನೂರು ಲೇಖನಗಳಿಗೆ ತಲಾ ಹತ್ತು ಸಾವಿರ ಸಿಗುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ಓಪನ್ ಡೇ ಮಾಡುತ್ತದೆ. ಆ ದಿನ ಲ್ಯಾಬ್‌ಗಳ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ, ಟಿಕೆಟ್ ಇಲ್ಲ. ಅಲ್ಲಿ ನಿಂತು ಬೆಳಗ್ಗಿನಿಂದ ಸಂಜೆವರೆಗೆ ಮಕ್ಕಳಿಗೆ, ಅಪ್ಪ ಅಮ್ಮಂದಿರಿಗೆ ವಿವರಿಸುವವರಲ್ಲಿ ಹೆಚ್ಚಿನವರು ಸಂಶೋಧನಾ ವಿದ್ಯಾರ್ಥಿಗಳೇ. ಉಡುಪಿಯಲ್ಲೇ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಗ್ರಹಣ ಬಂದಾಗ ಊರವರಿಗೆ ಸುರಕ್ಷಿತವಾಗಿ ತೋರಿಸುತ್ತದೆ. ಏಪ್ರಿಲ್ 25ರ ಆಸುಪಾಸು ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ನೆಟ್ಟಗೆ ನಿಂತ ಕೋಲಿನ ನೆರಳು ನಮ್ಮಲ್ಲಿ ಮಾಯವಾಗುತ್ತದೆಂದು ನನಗೆ ಗೊತ್ತಾದದ್ದೂ ಇಂಥವರಿಂದಲೇ.

ಇದು ಹೊಸ ಫ್ಯಾಶನ್ ಏನಲ್ಲ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಕನ್ನಡದಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಡಿಸಿದ್ದರು. ಬೆಳ್ಳಾವೆಯವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು. ನಮ್ಮ ಕೋಟದ ಶಿವರಾಮ ಕಾರಂತರು ವಿಜ್ಞಾನಿಯೇ ಅಲ್ಲ. ಆದರೂ ಮಕ್ಕಳಿಗೆ ‘ಬಾಲಪ್ರಪಂಚ’, ದೊಡ್ಡವರಿಗೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬರೆದರು. ಅವರಿಗೆ ಕೇಳಲು ಗೂಗಲ್ ಇರಲಿಲ್ಲ.

ಕಾಪುವಿನಿಂದ ಹೆಚ್ಚು ದೂರವಿಲ್ಲದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಪಿಎಚ್.ಡಿ. ಕೂಡ ಭೌತಶಾಸ್ತ್ರದಲ್ಲೇ. ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಮೇಲೆ ಮಾಡಿದ್ದು. ಆಗ ಅದಮಾರಿನವರು ‘ವಿಶ್ವಕಿರಣದಿಂದ ನಮಗೆ ಎಂತ ಉಪಯೋಗ?’ ಎಂದು ಕೇಳಿದ್ದರೆ ನೇರ ಉತ್ತರ ಇರುತ್ತಿರಲಿಲ್ಲ. ಆದರೆ ಅದೇ ರಾವ್ ಅವರ ಮುಂದಾಳುತನದಲ್ಲಿ ತಯಾರಾದ ‘ಆರ್ಯಭಟ’ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು. ಉಪಗ್ರಹ ಕಳಿಸುವ ಹವಾಮಾನದ ಚಿತ್ರ ನೋಡಿ ಇಂದು ನಮ್ಮ ಮೀನುಗಾರರಿಗೆ ‘ಕಡಲಿಗೆ ಇಳಿಯಬೇಡಿ’ ಎಂಬ ಎಚ್ಚರಿಕೆ ಬರುತ್ತದೆ. ಉಪಯೋಗ ಏನು ಎಂಬ ಪ್ರಶ್ನೆಗೆ ‘ಈಗ ಇಲ್ಲ, ಮುಂದೆ ಇರಬಹುದು’ ಎಂಬುದೂ ಪ್ರಾಮಾಣಿಕ ಉತ್ತರವೇ. ಅದನ್ನು ಹೇಳುವ ಧೈರ್ಯ ಬೇಕು. ಅಕ್ಕ ಅಂದು ಹೇಳಿದ ‘ಇಲ್ಲ, ನನ್ನದು ಇನ್ನೂ ಕಲಿಯುವ ಕೆಲಸ’ ಎಂಬ ಮಾತಿನಷ್ಟೇ.

ಅಜ್ಜಿಯ ಪ್ರಶ್ನೆ

ಪಿಎಚ್.ಡಿ. ಮಾಡುವವರ ವಿಷಯ ನಮಗೆ ಯಾಕೆ ಎಂದು ಬಿ.ಇ., ಬಿ.ಎಸ್ಸಿ. ಓದುತ್ತಿರುವವರು, ಕೆಲಸ ಹುಡುಕುತ್ತಿರುವವರು ಕೇಳಬಹುದು. ನಮಗೂ ಪ್ರಾಜೆಕ್ಟ್ ಇದೆ, ರೆಸ್ಯೂಮೆ ಇದೆ. ಅದರಲ್ಲಿ ನಾವು ಬರೆದ ಪ್ರತಿಯೊಂದು ಪದದ ಹಿಂದೆಯೂ ಯಾರೋ ಒಬ್ಬರು ‘ಅಂದರೆ ಏನು?’ ಎಂದು ಕೇಳಬಹುದು. ಉತ್ತರ ಗೊತ್ತಿಲ್ಲದಾಗ ನಾವು ಇನ್ನೊಂದು ದೊಡ್ಡ ಪದ ಹೇಳಿ ತಪ್ಪಿಸಿಕೊಳ್ಳುತ್ತೇವೆ. ಕ್ಲಾಸಿನಲ್ಲಿ ಇದು ನಡೆಯುತ್ತದೆ, ಏಕೆಂದರೆ ಕೇಳುವವರಿಗೂ ಆ ಪದ ಗೊತ್ತು. ಮೀನು ಮಾರುವ ಅಕ್ಕನ ಮುಂದೆ ನಡೆಯುವುದಿಲ್ಲ. ಅಣ್ಣನ ಮೂವತ್ತೆರಡು ಸ್ಲೈಡ್ ಮುಗ್ಗರಿಸಿದ್ದು ಭಾಷೆ ಬಾರದೆ ಅಲ್ಲ. ತನ್ನ ಕೆಲಸ ಯಾರಿಗೆ ಬೇಕು ಎಂದು ಅವರು ಅಲ್ಲಿಯವರೆಗೆ ಯೋಚಿಸಿರಲಿಲ್ಲ, ಅದಕ್ಕೆ. ಹಾಗೆಂದು ಅವರೇ ಆಮೇಲೆ ನನಗೆ ಹೇಳಿದರು. ಈಗ ಥೀಸಿಸ್‌ನಲ್ಲಿ ಮೀನಿನ ಮೇಲೆ ಒಂದು ಪ್ರಯೋಗ ಸೇರಿಸಬಹುದಾ ಎಂದು ಗೈಡನ್ನು ಕೇಳಿದ್ದಾರಂತೆ.

ಕಳೆದ ತಿಂಗಳು ಕಾರ್ಕಳಕ್ಕೆ ಹೋದಾಗ ನಾನೂ ಒಂದು ಪರೀಕ್ಷೆ ಬರೆದೆ. ಅಜ್ಜಿ ಅಡಿಕೆ ಸುಲಿಯುತ್ತ ಕೂತಿದ್ದರು. ಬ್ಯಾಗಿನಿಂದ ನಮ್ಮ ಪ್ರಾಜೆಕ್ಟ್ ತೆಗೆದು ಎದುರಿಗಿಟ್ಟೆ. ‘ಉಂದು ದಾದ?’ ಎಂದರು. ಇದು ಏನು?

ತುಳುವಿನಲ್ಲಿ ಹೇಳಿದೆ. ಒಣ ಮಣ್ಣಿನಲ್ಲಿ ಕರೆಂಟ್ ಸುಲಭದಲ್ಲಿ ಹರಿಯುವುದಿಲ್ಲ. ಮಣ್ಣಿನ ಉಪ್ಪು ನೀರಿನಲ್ಲಿ ಕರಗಿದಾಗ ಹರಿಯುತ್ತದೆ. ಅದಕ್ಕೇ ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡ ಅಂತ ನೀವು ಬಯ್ಯುವುದು. ಈ ಎರಡು ಕಡ್ಡಿಗಳ ನಡುವೆ ಸಣ್ಣ ಕರೆಂಟ್ ಬಿಡುತ್ತೇವೆ. ಚೆನ್ನಾಗಿ ಹರಿದರೆ ಮಣ್ಣು ಒದ್ದೆ, ಪಂಪ್ ಬೇಡ. ಹರಿಯದಿದ್ದರೆ ಒಣಗಿದೆ, ಪಂಪ್ ಚಾಲೂ. ಸಂದರ್ಶನದಲ್ಲಿ ಬಾರದ ಉತ್ತರ ಇಷ್ಟೇ. ಇದನ್ನು ತಿಳಿಯಲು ನಾನು ಒಂದು ರಾತ್ರಿ ಕೂತು ಓದಿದ್ದೆ.

ಅಜ್ಜಿ ಕೈಯಲ್ಲಿದ್ದ ಅಡಿಕೆ ಕೆಳಗಿಟ್ಟು ಆ ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು: ‘ಇದನ್ನು ತೋಟದಲ್ಲಿ ಎಲ್ಲಿ ಊರುವುದು ಮಗಾ? ಕೆಳಗಿನ ತಟ್ಟು ತೋಡಿನ ಬದಿಯಲ್ಲಿ, ಅಲ್ಲಿ ಯಾವಾಗಲೂ ಒದ್ದೆ. ಅಲ್ಲಿ ಊರಿದರೆ ನಿನ್ನ ಪಂಪ್ ಚಾಲೂ ಆಗುವುದೇ ಇಲ್ಲ, ಮೇಲಿನ ತಟ್ಟಿನ ಗಿಡ ಸಾಯ್ತದೆ. ಮೇಲೆ ಊರಿದರೆ ಕೆಳಗೆ ನೀರು ನಿಂತು ಬೇರು ಕೊಳೀತದೆ.’

ನಮ್ಮ ನಾಲ್ವರ ಟೀಮ್, ಗೈಡ್, ಪರೀಕ್ಷಕರು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನಾವು ಅದನ್ನು ಪರೀಕ್ಷೆ ಮಾಡಿದ್ದು ಲ್ಯಾಬ್‌ನಲ್ಲಿ, ಒಂದು ಹೂವಿನ ಕುಂಡದಲ್ಲಿ.

ಈಗ ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಸಿಕ್ಕಿದೆ. ಬೇರೆ ಬೇರೆ ಎತ್ತರದ ತಟ್ಟುಗಳಿಗೆ ಎಷ್ಟು ಸೆನ್ಸರ್, ಎಲ್ಲೆಲ್ಲಿ ಎಂಬ ಲೆಕ್ಕ. ಸುಲಭ ಇಲ್ಲ. ಮುಂದಿನ ಸಂದರ್ಶನದಲ್ಲಿ ಆಯ್ಕೆ ಆಗುತ್ತೇನೋ ಇಲ್ಲವೋ ಗೊತ್ತಿಲ್ಲ. ಆದರೆ ‘ಅಜ್ಜಿಗೆ ಹೇಳುವ ಹಾಗೆ ಹೇಳಿ’ ಎಂದು ಯಾರಾದರೂ ಅಂದರೆ ಈ ಸಲ ನಗುವುದಿಲ್ಲ. ಹೇಳಿದ್ದೇನೆ ಸರ್, ಅವರು ಒಂದು ತಪ್ಪು ಹಿಡಿದಿದ್ದಾರೆ, ಅದನ್ನೇ ಈಗ ಸರಿ ಮಾಡುತ್ತಿದ್ದೇನೆ ಎನ್ನುತ್ತೇನೆ.

– ತೃತೀಯ ಬಿ.ಇ. ವಿದ್ಯಾರ್ಥಿನಿ, ಕಾಪು